ಮಿದುಳು, ಮೂರ್ಛೆರೋಗ ಮತ್ತು ನಮ್ಮ ಋಣ

ಸಂತೆಯಲ್ಲಿಯೋ ಬಸ್ಸಿನ ನಿಲ್ದಾಣದಲ್ಲಿಯೋ ಒಬ್ಬ ಮನುಷ್ಯನು ಇದ್ದಕ್ಕಿದ್ದಂತೆ ಕೂಗಿಕೊಂಡು ನೆಲಕ್ಕುರುಳಿ, ಕೈಕಾಲುಗಳನ್ನು ಬಡಿಯುತ್ತ, ಬಾಯಲ್ಲಿ ನೊರೆ ಸುರಿಸುತ್ತ ಬಿದ್ದಿರುವ ದೃಶ್ಯವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಆಗ ಸುತ್ತ ನೆರೆದ ಜನ ಏನು ಮಾಡುವರೆಂಬುದೂ ಎಲ್ಲರಿಗೂ ತಿಳಿದದ್ದೇ. ಒಬ್ಬನು "ಕಬ್ಬಿಣ, ಕಬ್ಬಿಣ" ಎಂದು ಕೂಗುವನು. ಇನ್ನೊಬ್ಬನು ತನ್ನ ಬೀಗದಕೈ ಗೊಂಚಲನ್ನು ತೆಗೆದು ಬಿದ್ದವನ ಮುಷ್ಟಿಗೆ ತುರುಕುವನು. ಮತ್ತೊಬ್ಬನು ಈರುಳ್ಳಿಯನ್ನು ಜಜ್ಜಿ ಮೂಗಿಗೆ ಹಿಡಿಯುವನು. ಎರಡು ಮೂರು ನಿಮಿಷಗಳಲ್ಲಿ ಸೆಳೆತವು ತಾನಾಗಿ ನಿಲ್ಲುವುದು. ಕೀರ್ತಿಯೆಲ್ಲ ಕಬ್ಬಿಣಕ್ಕೆ ಸಲ್ಲುವುದು. ಬಿದ್ದವನು ಕಣ್ಣು ತೆರೆದು, ಮೈಮೇಲಿನ ಧೂಳನ್ನು ಕೊಡವಿಕೊಂಡು, ತಲೆತಗ್ಗಿಸಿ ಅಲ್ಲಿಂದ ಹೊರಟುಹೋಗುವನು. ಅವನು ತಲೆತಗ್ಗಿಸುವುದೇಕೆ? ಅವನು ಮಾಡಿದ ತಪ್ಪಾದರೂ ಏನು?

ಈ ಪ್ರಶ್ನೆಯನ್ನು ನಾವು ಎತ್ತುತ್ತಿರುವುದು ಕೇವಲ ಅನುಕಂಪದಿಂದಲ್ಲ. ಮನುಷ್ಯನ ಮಿದುಳಿನ ವಿಚಾರವಾಗಿ ಇಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಜ್ಞಾನದಲ್ಲಿ ಬಹು ದೊಡ್ಡ ಪಾಲು ಹೀಗೆ ಬಿದ್ದವರಿಂದಲೇ ನಮಗೆ ಬಂದಿದೆ. ಮಾತಿನ ನೆಲೆ ಎಲ್ಲಿ, ಕೈಬೆರಳನ್ನು ಆಡಿಸುವ ಕೇಂದ್ರ ಎಲ್ಲಿ, ನೆನಪು ಎಲ್ಲಿ ರೂಪುಗೊಳ್ಳುವುದು, ಮಿದುಳಿನ ಎರಡು ಅರ್ಧಗಳು ಪರಸ್ಪರ ಹೇಗೆ ವ್ಯವಹರಿಸುವುವು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಲು ಮೂರ್ಛೆರೋಗಿಗಳ ದೇಹವೇ ಬೇಕಾಯಿತು. ಅವರಿಂದ ಪಡೆದುಕೊಂಡ ಜ್ಞಾನವನ್ನು ನಾವು ಪಠ್ಯಪುಸ್ತಕದಲ್ಲಿ ಸೇರಿಸಿಕೊಂಡೆವು. ಅವರನ್ನು ಮಾತ್ರ ಪಂಕ್ತಿಯಿಂದ ಹೊರಗೆ ಕೂಡಿಸಿದೆವು. ಇದು ತೀರಿಸದ ಋಣವೆಂಬುದು ನಮ್ಮ ಅಭಿಪ್ರಾಯ.

ನಮ್ಮ ಪ್ರಾಚೀನರು ಈ ವ್ಯಾಧಿಯನ್ನು ಅಪಸ್ಮಾರವೆಂದು ಕರೆದರು. ಸ್ಮೃತಿ ತಪ್ಪುವುದೇ ಇದರ ಮುಖ್ಯ ಲಕ್ಷಣವೆಂಬುದು ಆ ಹೆಸರಿನಲ್ಲಿಯೇ ಅಡಗಿದೆ. ಚರಕಸಂಹಿತೆಯಲ್ಲಿ ಇದರ ನಿದಾನಕ್ಕೂ ಚಿಕಿತ್ಸೆಗೂ ಪ್ರತ್ಯೇಕ ಅಧ್ಯಾಯಗಳುಂಟು. ಗ್ರೀಸ್ ದೇಶದಲ್ಲಿ ಜನರು ಇದನ್ನು "ಪವಿತ್ರ ರೋಗ"ವೆಂದು, ದೇವತೆಗಳ ಆವೇಶವೆಂದು ಭಾವಿಸಿದ್ದ ಕಾಲದಲ್ಲಿ, ಕ್ರಿಸ್ತಪೂರ್ವ 400ರ ಸುಮಾರಿನಲ್ಲಿ, ಹಿಪ್ಪೊಕ್ರಟೀಸನ ಪರಂಪರೆಗೆ ಸೇರಿದ ಒಂದು ಗ್ರಂಥವು ಈ ರೋಗ ಉಳಿದ ರೋಗಗಳಿಗಿಂತ ಹೆಚ್ಚು ದೈವಿಕವೇನೂ ಅಲ್ಲವೆಂದೂ ಇದರ ನೆಲೆ ಮಿದುಳೇ ಎಂದೂ ಸಾರಿತು. ನಟರಾಜನ ವಿಗ್ರಹದಲ್ಲಿ ಸ್ವಾಮಿಯ ಪಾದದ ಕೆಳಗೆ ಬಿದ್ದಿರುವ ಕುಳ್ಳ ಪುರುಷನಿಗೂ ಅಪಸ್ಮಾರನೆಂದೇ ಹೆಸರು. ಅಲ್ಲಿ ಅವನು ಅಜ್ಞಾನದ ಸಂಕೇತ. ಮೆಟ್ಟಬೇಕಾದದ್ದು ಅಜ್ಞಾನವನ್ನು. ನಾವಾದರೋ ಅಜ್ಞಾನವನ್ನು ಉಳಿಸಿಕೊಂಡು ರೋಗಿಯನ್ನು ಮೆಟ್ಟುತ್ತಿದ್ದೇವೆ.

ಈ ರೋಗವೆಂದರೇನೆಂಬುದನ್ನು ತಿಳಿಯಬೇಕಾದರೆ ಮೊದಲು ಮಿದುಳಿನ ರಚನೆಯನ್ನು ಸ್ವಲ್ಪ ನೋಡಬೇಕು. ವಯಸ್ಕ ಮನುಷ್ಯನ ಮಿದುಳು ಸುಮಾರು 1,300ರಿಂದ 1,400 ಗ್ರಾಂ ತೂಗುವುದು. ದೇಹದ ತೂಕದಲ್ಲಿ ಇದು ನೂರಕ್ಕೆ ಎರಡು ಪಾಲು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಇದೊಂದೇ ಅವಯವ ಕಬಳಿಸುವುದು. ಮುಟ್ಟಿದರೆ ಬೆಣ್ಣೆಯಂತೆ ಮೆದುವಾದ ಈ ವಸ್ತುವನ್ನು ಮೂರು ಪೊರೆಗಳು ಸುತ್ತಿವೆ. ಪೊರೆಗಳ ನಡುವಣ ದ್ರವದಲ್ಲಿ ಇದು ತೇಲುತ್ತಿರುವುದು. ಹೊರಗೆ ತಲೆಬುರುಡೆಯ ಗಟ್ಟಿ ಕೋಟೆಯಿರುವುದು. ಪ್ರಕೃತಿಯು ಇಷ್ಟು ಭದ್ರವಾಗಿ ಮುಚ್ಚಿಟ್ಟ ಅವಯವ ನಮ್ಮ ದೇಹದಲ್ಲಿ ಮತ್ತೊಂದಿಲ್ಲ. ಆದುದರಿಂದಲೇ ಬದುಕಿರುವ ಮನುಷ್ಯನ ಮಿದುಳು ಹೇಗೆ ಕೆಲಸ ಮಾಡುವುದೆಂಬುದು ಬಹುಕಾಲ ಗುಟ್ಟಾಗಿಯೇ ಉಳಿದಿತ್ತು.

ಮಿದುಳಿನಲ್ಲಿ ಮೂರು ಮುಖ್ಯ ಭಾಗಗಳನ್ನು ಗುರುತಿಸುವುದು ವಾಡಿಕೆ. ಮೇಲ್ಗಡೆ ಅಕ್ರೋಟದ ತಿರುಳಿನಂತೆ ಸುಕ್ಕುಸುಕ್ಕಾಗಿ ಕಾಣುವುದು ಮಹಾಮಸ್ತಿಷ್ಕ. ಅದರ ಹಿಂದೆ, ಕೆಳಗಡೆ, ಮುಷ್ಟಿಯಷ್ಟು ಗಾತ್ರದ ಅನುಮಸ್ತಿಷ್ಕ. ನಡಿಗೆಯ ಸಮತೋಲ, ಚಲನೆಗಳ ಹೊಂದಾಣಿಕೆ ಇದರ ಹೊಣೆ. ಇವೆರಡನ್ನೂ ಬೆನ್ನುಹುರಿಗೆ ಕೂಡಿಸುವುದು ಮಿದುಳಿನ ಕಾಂಡ. ಉಸಿರಾಟ, ಹೃದಯದ ಬಡಿತ, ನಿದ್ರೆ ಮತ್ತು ಎಚ್ಚರಗಳ ಸೂತ್ರ ಇಲ್ಲಿದೆ. ಮಹಾಮಸ್ತಿಷ್ಕವು ಎಡ ಮತ್ತು ಬಲ ಎಂಬ ಎರಡು ಅರ್ಧಗೋಳಗಳಾಗಿ ಒಡೆದಿದ್ದು, ಒಂದೊಂದರಲ್ಲಿಯೂ ಮುಂದಲೆ, ನಡುನೆತ್ತಿ, ಕಣತಲೆ, ಹಿಂದಲೆ ಎಂಬ ನಾಲ್ಕು ಹಾಲೆಗಳಿವೆ. ಇದರ ಹೊರಮೈಯ ಬೂದುಬಣ್ಣದ ಪದರವು ಎರಡರಿಂದ ನಾಲ್ಕು ಮಿಲಿಮೀಟರಿನಷ್ಟು ಮಾತ್ರ ದಪ್ಪ. ನಮ್ಮ ಮಾತು, ಎಣಿಕೆ, ಆಲೋಚನೆ, ಸಂಕಲ್ಪ ಇವೆಲ್ಲ ಬಹುಮಟ್ಟಿಗೆ ಈ ತೆಳುವಾದ ಪದರದ ವ್ಯಾಪಾರವೆಂದರೆ ಆಶ್ಚರ್ಯವಾಗದಿರದು.

ಈ ಪದಾರ್ಥವೆಲ್ಲ ನರಕೋಶಗಳಿಂದಲೂ ಅವುಗಳಿಗೆ ಆಸರೆಯಾದ ಬೇರೆ ಕೋಶಗಳಿಂದಲೂ ಆಗಿದೆ. ಬ್ರೆಜಿಲ್ ದೇಶದ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಎಣಿಕೆಯಂತೆ ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಸೋಜಿಗವೆಂದರೆ, ಅವುಗಳಲ್ಲಿ ಸುಮಾರು 6,900 ಕೋಟಿ ಕೋಶಗಳು ಆ ಚಿಕ್ಕ ಅನುಮಸ್ತಿಷ್ಕದಲ್ಲಿಯೇ ಇಕ್ಕಟ್ಟಾಗಿ ತುಂಬಿವೆ. ಮಹಾಮಸ್ತಿಷ್ಕದ ಹೊರಪದರಕ್ಕೆ ಬಂದಿರುವುದು 1,600 ಕೋಟಿಯಷ್ಟು. ಪ್ರತಿಯೊಂದು ನರಕೋಶವೂ ಒಂದು ಪುಟ್ಟ ವಿದ್ಯುತ್ಕೋಶವಿದ್ದಂತೆ. ಅದರ ಒಳಮೈಗೂ ಹೊರಮೈಗೂ ನಡುವೆ ಸುಮಾರು 70 ಮಿಲಿವೋಲ್ಟಿನ ಅಂತರವಿರುತ್ತದೆ. ಪ್ರಚೋದನೆ ದೊರೆತಾಗ ಈ ಅಂತರವು ಕ್ಷಣಮಾತ್ರ ತಲೆಕೆಳಗಾಗಿ, ಆ ಕ್ಷೋಭೆ ನರತಂತುವಿನುದ್ದಕ್ಕೂ ಓಡಿ, ತುದಿಯಲ್ಲಿ ಒಂದು ರಾಸಾಯನಿಕ ವಸ್ತುವನ್ನು ಒಸರಿಸಿ, ಮುಂದಿನ ಕೋಶವನ್ನು ಎಚ್ಚರಿಸುವುದು ಅಥವಾ ಸುಮ್ಮನಿರಿಸುವುದು. ಹೀಗೆ ಎಚ್ಚರಿಸುವ ಕೋಶಗಳೂ ತಡೆಯುವ ಕೋಶಗಳೂ ಪರಸ್ಪರ ಹದವಾಗಿ ತೂಗಿಕೊಂಡಿರುವವರೆಗೆ ಮಿದುಳಿನ ಸಂಸಾರ ನೆಟ್ಟಗೆ ನಡೆಯುವುದು.

ಈ ಹದ ತಪ್ಪಿದಾಗ ಬರುವುದೇ ಮೂರ್ಛೆ. ಜಾತ್ರೆಯಲ್ಲಿ ಸಾವಿರ ಜನ ಸಾವಿರ ಬಗೆಯ ಮಾತನಾಡುತ್ತಿದ್ದರೆ ವ್ಯವಹಾರ ಸಾಗುವುದು. ಅವರೆಲ್ಲ ಒಂದೇ ಕಾಲಕ್ಕೆ ಒಂದೇ ಕೂಗನ್ನು ಮತ್ತೆಮತ್ತೆ ಕೂಗತೊಡಗಿದರೆ ಯಾರ ಕೆಲಸವೂ ಆಗುವುದಿಲ್ಲ. ಅದರಂತೆಯೇ ಮಿದುಳಿನ ಒಂದು ಭಾಗದ ಅಥವಾ ಎಲ್ಲ ಭಾಗಗಳ ನರಕೋಶಗಳು ತಡೆಯಿಲ್ಲದೆ ಒಟ್ಟಿಗೆ ವಿದ್ಯುತ್ತನ್ನು ಸಿಡಿಸಿದಾಗ ಮೈ ಸೆಟೆಯುವುದು, ಅರಿವು ತಪ್ಪುವುದು. ಸಿಡಿತವು ಹಿಂದಲೆಯಲ್ಲಿದ್ದರೆ ಕಣ್ಣಿಗೆ ಬಣ್ಣದ ಬೆಳಕು ಕಾಣಬಹುದು. ಕಣತಲೆಯಲ್ಲಿದ್ದರೆ ಇಲ್ಲದ ವಾಸನೆ ಬರಬಹುದು, ಕಾರಣವಿಲ್ಲದ ಭಯವಾಗಬಹುದು. ಕೆಲವು ಮಕ್ಕಳು ಬೀಳದೆ, ಒದ್ದಾಡದೆ, ಕೆಲವು ಕ್ಷಣ ಸುಮ್ಮನೆ ಶೂನ್ಯವನ್ನು ದಿಟ್ಟಿಸಿ ಮತ್ತೆ ಆಟಕ್ಕೆ ತೊಡಗಬಹುದು. ಇಂತಹ ಮಗುವಿಗೆ ಶಾಲೆಯಲ್ಲಿ "ಪಾಠದ ಕಡೆ ಗಮನವಿಲ್ಲ"ವೆಂದು ಏಟು ಬೀಳುವುದೂ ಉಂಟು. ಮಿದುಳಿನ ಯಾವ ಭಾಗಕ್ಕೆ ಯಾವ ಕೆಲಸವೋ ಆ ಭಾಗದ ಮೂರ್ಛೆಗೆ ಆ ರೂಪ. ಈ ಒಂದು ಸಂಗತಿಯೇ ವಿಜ್ಞಾನಕ್ಕೆ ಕೀಲಿಕೈಯಾಯಿತು.

1861ರಲ್ಲಿ ಪ್ಯಾರಿಸಿನ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ 51 ವರ್ಷದ ರೋಗಿಯೊಬ್ಬನಿದ್ದನು. ಚಿಕ್ಕಂದಿನಿಂದ ಮೂರ್ಛೆರೋಗವಿದ್ದ ಈತನು ಮೂವತ್ತರ ವಯಸ್ಸಿನಲ್ಲಿ ಮಾತನ್ನು ಕಳೆದುಕೊಂಡು ಅಲ್ಲಿ ಸೇರಿ 21 ವರ್ಷಗಳಾಗಿದ್ದುವು. ಇತರರ ಮಾತು ಅವನಿಗೆ ತಿಳಿಯುತ್ತಿತ್ತು. ಆದರೆ ಉತ್ತರವಾಗಿ ಬರುತ್ತಿದ್ದುದು "ತಾನ್" ಎಂಬುದೊಂದೇ ಶಬ್ದ. ಅವನು ತೀರಿಕೊಂಡ ಮೇಲೆ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯನು ಮಿದುಳನ್ನು ಪರೀಕ್ಷಿಸಿ, ಎಡಗಡೆಯ ಮುಂದಲೆ ಹಾಲೆಯಲ್ಲಿ ಒಂದು ಭಾಗ ಹಾಳಾಗಿರುವುದನ್ನು ತೋರಿಸಿದನು. ಮಾತನಾಡುವ ಶಕ್ತಿಗೂ ಮಿದುಳಿನ ಒಂದು ನಿರ್ದಿಷ್ಟ ಸ್ಥಳಕ್ಕೂ ಇರುವ ಸಂಬಂಧಕ್ಕೆ ವಿದ್ವಾಂಸರ ಮನ್ನಣೆ ದೊರಕಿಸಿಕೊಟ್ಟುದು ಈ ಒಂದು ಶಬ್ದದ ಮನುಷ್ಯನೇ. ಆ ಮಿದುಳನ್ನು ಪ್ಯಾರಿಸಿನಲ್ಲಿ ಇಂದಿಗೂ ಕಾಪಾಡಿಟ್ಟಿದ್ದಾರೆ.

ಲಂಡನ್ನಿನಲ್ಲಿ ಪಾರ್ಶ್ವವಾಯು ಮತ್ತು ಅಪಸ್ಮಾರ ರೋಗಿಗಳಿಗಾಗಿಯೇ 1859ರಲ್ಲಿ ಒಂದು ಆಸ್ಪತ್ರೆ ಸ್ಥಾಪಿತವಾಗಿದ್ದಿತು. ಅಲ್ಲಿ ಹ್ಯೂಲಿಂಗ್ಸ್ ಜ್ಯಾಕ್ಸನ್ ಎಂಬ ವೈದ್ಯನು ರೋಗಿಗಳ ಪಕ್ಕದಲ್ಲಿ ಕುಳಿತು ಸೆಳೆತವು ಎಲ್ಲಿ ಆರಂಭವಾಗಿ ಎಲ್ಲಿಗೆ ಹರಡುವುದೆಂದು ತಾಳ್ಮೆಯಿಂದ ನೋಡುತ್ತಿದ್ದನು. ಕೆಲವರಲ್ಲಿ ಅದು ಹೆಬ್ಬೆರಳಿನಲ್ಲಿ ಮೊದಲಾಗಿ, ಅಂಗೈ, ತೋಳು, ಮುಖ ಎಂದು ಒಂದು ಕ್ರಮದಲ್ಲಿ ಮೆರವಣಿಗೆಯಂತೆ ಸಾಗುತ್ತಿತ್ತು. ಮೈಯಲ್ಲಿ ಕಾಣುವ ಈ ಕ್ರಮಕ್ಕೆ ಹೊಂದುವಂತೆ ಮಿದುಳಿನಲ್ಲಿಯೂ ಒಂದು ಕ್ರಮವಿರಲೇಬೇಕೆಂದು ಆತನು ತಲೆಬುರುಡೆಯನ್ನು ತೆರೆಯದೆಯೇ ಊಹಿಸಿದನು. 1870ರಲ್ಲಿ ಬರ್ಲಿನ್ನಿನ ಫ್ರಿಟ್ಷ್ ಮತ್ತು ಹಿಟ್ಜಿಗ್ ಎಂಬುವರು ನಾಯಿಯ ಮಿದುಳಿನ ಒಂದೊಂದು ಬಿಂದುವಿಗೆ ಸೌಮ್ಯವಾದ ವಿದ್ಯುತ್ತನ್ನು ತಗುಲಿಸಿ, ಒಂದೊಂದು ಸ್ನಾಯು ಕುಗ್ಗುವುದನ್ನು ಕಂಡು, ಆ ಊಹೆಗೆ ಆಧಾರವನ್ನು ಒದಗಿಸಿದರು. 1886ರ ಮೇ 25ರಂದು ವಿಕ್ಟರ್ ಹಾರ್ಸ್ಲಿಯು ಅದೇ ಲಂಡನ್ ಆಸ್ಪತ್ರೆಯಲ್ಲಿ, ಬಾಲ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಮೂರ್ಛೆರೋಗಿಯಾಗಿದ್ದ 22 ವರ್ಷದ ತರುಣನೊಬ್ಬನ ಮಿದುಳಿನಿಂದ ಹಳೆಯ ಗಾಯದ ಕಲೆಯನ್ನು ಕತ್ತರಿಸಿ ತೆಗೆದನು. ನಕ್ಷೆ ಸರಿಯಾಗಿದ್ದಿತು, ತರುಣನು ಗುಣಮುಖನಾದನು.

ಜರ್ಮನಿಯ ಯೇನಾ ನಗರದ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ತಲೆಯ ಹೊರಗಿನಿಂದಲೇ ದಾಖಲೆ ಮಾಡಿ, 1929ರಲ್ಲಿ ಅದನ್ನು ಪ್ರಕಟಿಸಿದನು. 1935ರ ಸುಮಾರಿಗೆ ಅಮೆರಿಕದ ಬಾಸ್ಟನ್ನಿನಲ್ಲಿ ಶೂನ್ಯದೃಷ್ಟಿಯ ಮೂರ್ಛೆಯುಳ್ಳ ಮಕ್ಕಳ ತಲೆಯಿಂದ ಸೆಕೆಂಡಿಗೆ ಮೂರರಂತೆ ಏಳುವ ಮೊನಚಾದ ಅಲೆಗಳ ಚಿತ್ರ ದೊರೆಯಿತು. ದೆವ್ವದ ಚೇಷ್ಟೆಯೆಂದು ಜನ ನಂಬಿದ್ದುದು ಕಾಗದದ ಮೇಲೆ ಶಾಯಿಯ ಗೆರೆಯಾಗಿ ಮೂಡಿತು.

ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ 1934ರಲ್ಲಿ ನರವಿಜ್ಞಾನ ಸಂಸ್ಥೆಯನ್ನು ಸ್ಥಾಪಿಸಿದ ವೈಲ್ಡರ್ ಪೆನ್‌ಫೀಲ್ಡ್ ಈ ಕೆಲಸವನ್ನು ಬಹಳ ಮುಂದಕ್ಕೆ ಒಯ್ದನು. ಮಿದುಳಿಗೆ ಮೈಯೆಲ್ಲದರ ನೋವೂ ತಿಳಿಯುವುದು. ಆದರೆ ತನ್ನನ್ನೇ ಮುಟ್ಟಿದರೆ ನೋವಿಲ್ಲ. ಆದುದರಿಂದ ನೆತ್ತಿಯ ಚರ್ಮವನ್ನು ಮಾತ್ರ ಮರಗಟ್ಟಿಸಿ, ರೋಗಿಯು ಎಚ್ಚರವಾಗಿರುವಂತೆಯೇ ಮಿದುಳನ್ನು ತೆರೆಯಲು ಸಾಧ್ಯ. ಪೆನ್‌ಫೀಲ್ಡನು ಮೂರ್ಛೆಯ ಮೂಲವನ್ನು ಹುಡುಕುತ್ತ ಒಂದೊಂದು ಸ್ಥಳವನ್ನು ವಿದ್ಯುತ್ ಕಡ್ಡಿಯಿಂದ ಮುಟ್ಟುತ್ತಿದ್ದನು. ರೋಗಿಯು ತನಗೇನಾಯಿತೆಂದು ಹೇಳುತ್ತಿದ್ದನು. ಒಬ್ಬನಿಗೆ ತುಟಿ ಜುಮ್ಮೆಂದಿತು, ಇನ್ನೊಬ್ಬನ ಬೆರಳು ಆಡಿತು, ಮತ್ತೊಬ್ಬನಿಗೆ ಹಳೆಯ ಹಾಡು ಕೇಳಿಸಿತು. ಹೀಗೆ ನೂರಾರು ರೋಗಿಗಳ ಬಾಯಿಮಾತಿನಿಂದ ಮಿದುಳಿನ ನಕ್ಷೆ ಸಿದ್ಧವಾಯಿತು. 1937ರಲ್ಲಿ ಪ್ರಕಟವಾದ ಆ ನಕ್ಷೆಯಲ್ಲಿ ಕೈಗೂ ತುಟಿನಾಲಗೆಗಳಿಗೂ ವಿಶಾಲವಾದ ಪ್ರದೇಶಗಳಿವೆ. ಬೆನ್ನು ಹೊಟ್ಟೆಗಳಿಗೆ ಅಂಗೈಯಗಲದ ಜಾಗವೂ ಇಲ್ಲ. ಮನುಷ್ಯನು ಕೈಯಿಂದಲೂ ಮಾತಿನಿಂದಲೂ ಮನುಷ್ಯನಾದನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ? ಇದೇ ಪೆನ್‌ಫೀಲ್ಡನಲ್ಲಿ ಕಲಿತು ಬಂದ ಡಾ. ಜೇಕಬ್ ಚಾಂಡಿ ಅವರು 1949ರಲ್ಲಿ ವೆಲ್ಲೂರಿನಲ್ಲಿ ಭಾರತದ ಮೊಟ್ಟಮೊದಲನೆಯ ನರಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದರು.

ಎಲ್ಲ ಕಥೆಗಳೂ ಇಷ್ಟು ಸುಖವಾಗಿ ಮುಗಿಯಲಿಲ್ಲ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ, ಯಾವ ಔಷಧಿಗೂ ಜಗ್ಗದ ಮೂರ್ಛೆಯನ್ನು ನಿಲ್ಲಿಸಲೆಂದು, ಎರಡೂ ಕಣತಲೆಗಳ ಒಳಭಾಗವನ್ನು ಶಸ್ತ್ರವೈದ್ಯನು ತೆಗೆದುಹಾಕಿದನು. ಕಡಲಕುದುರೆಯ ಆಕಾರದಿಂದಾಗಿ ಹಿಪ್ಪೊಕ್ಯಾಂಪಸ್ ಎಂದು ಕರೆಯಲ್ಪಡುವ ಭಾಗವೂ ಅದರಲ್ಲಿ ಸೇರಿತ್ತು. ಮೂರ್ಛೆ ಕಡಮೆಯಾಯಿತು, ಆದರೆ ಅಂದಿನಿಂದ ಅವನಿಗೆ ಹೊಸದೊಂದು ನೆನಪು ನಿಲ್ಲಲಿಲ್ಲ. ದಿನವೂ ನೋಡುವ ವೈದ್ಯರು ದಿನವೂ ಅಪರಿಚಿತರೇ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿಯು ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಚಿತ್ರವನ್ನು ತಿದ್ದುವ ಅಭ್ಯಾಸವನ್ನು ಅವನಿಂದ ಮಾಡಿಸಿದಳು. ಮೂರು ದಿನಗಳಲ್ಲಿ ಕೈ ಪಳಗಿತು. ಆದರೆ ಹಿಂದೆ ಆ ಕೆಲಸವನ್ನು ಮಾಡಿದ್ದೇನೆಂಬ ನೆನಪೇ ಅವನಿಗಿರಲಿಲ್ಲ. ಘಟನೆಗಳ ನೆನಪು ಬೇರೆ, ಕೈಪಳಕದ ನೆನಪು ಬೇರೆ, ಅವುಗಳ ನೆಲೆಗಳೂ ಬೇರೆ ಎಂಬುದು ಹೀಗೆ ತಿಳಿಯಿತು. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಪರೀಕ್ಷೆಗಳಿಗೆ ಸೌಜನ್ಯದಿಂದ ಒಡ್ಡಿಕೊಂಡ ಆತನು 2008ರಲ್ಲಿ ತೀರಿಕೊಂಡನು. ಮಾರನೆಯ ವರ್ಷ ಅವನ ಮಿದುಳನ್ನು 2,401 ತೆಳು ಹೋಳುಗಳನ್ನಾಗಿ ಕೊಯ್ದು ಅಧ್ಯಯನಕ್ಕೆ ಇಡಲಾಯಿತು.

ಇನ್ನೊಂದು ಉದಾಹರಣೆಯನ್ನು ಕೊಟ್ಟು ಈ ಪಟ್ಟಿಯನ್ನು ಮುಗಿಸುವೆವು. ಎಡಬಲ ಅರ್ಧಗೋಳಗಳನ್ನು ಸುಮಾರು 20 ಕೋಟಿ ನರತಂತುಗಳ ಸೇತುವೆಯೊಂದು ಕೂಡಿಸುತ್ತದೆ. ಮೂರ್ಛೆಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡದಿರಲೆಂದು ಕೆಲವು ರೋಗಿಗಳಲ್ಲಿ ಈ ಸೇತುವೆಯನ್ನೇ ಕತ್ತರಿಸಿದರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯದ ರೋಜರ್ ಸ್ಪೆರಿ ಮತ್ತು ಅವನ ಸಂಗಡಿಗರು ಇಂತಹವರನ್ನು ಪರೀಕ್ಷಿಸಿದಾಗ, ಕಣ್ಣಿಗೆ ಕಾಣದಂತೆ ಎಡಗೈಗೆ ಕೊಟ್ಟ ವಸ್ತುವಿನ ಹೆಸರನ್ನು ಅವರು ಹೇಳಲಾರದೆ ಹೋದರು. ಆದರೆ ಅದೇ ಕೈ ಹಲವು ವಸ್ತುಗಳ ನಡುವಿನಿಂದ ಅದನ್ನು ಆರಿಸಿ ತೆಗೆಯುತ್ತಿತ್ತು. ಎಡಗೈಯ ಅರಿವು ಬಲ ಮಿದುಳಿಗೆ ಹೋಗುವುದು. ಮಾತು ಎಡ ಮಿದುಳಿನಲ್ಲಿರುವುದು. ನಡುವೆ ದಾರಿ ಕಡಿದಿದೆ. ಈ ಶೋಧನೆಗಾಗಿ ಸ್ಪೆರಿಗೆ 1981ರಲ್ಲಿ ನೊಬೆಲ್ ಬಹುಮಾನದ ಪಾಲು ದೊರಕಿತು. ಬಹುಮಾನದ ಪತ್ರದಲ್ಲಿ ರೋಗಿಗಳ ಹೆಸರಿರಲಿಲ್ಲ.

ಇಷ್ಟನ್ನು ಕೊಟ್ಟವರಿಗೆ ಸಮಾಜವು ಪ್ರತಿಯಾಗಿ ಏನನ್ನು ಕೊಟ್ಟಿತು? ಮಿದುಳಿನ ತರಂಗಗಳನ್ನು ಲೋಕಕ್ಕೆ ತೋರಿಸಿದ ಜರ್ಮನಿಯಲ್ಲಿಯೇ 1933ರಲ್ಲಿ ನಾಟ್ಸಿ ಸರಕಾರವು ಅನುವಂಶಿಕ ಅಪಸ್ಮಾರವುಳ್ಳವರನ್ನು ಬಲಾತ್ಕಾರದಿಂದ ಸಂತಾನಹೀನರನ್ನಾಗಿ ಮಾಡುವ ಶಾಸನವನ್ನು ತಂದಿತು. ನಮ್ಮ ದೇಶವೂ ಹೆಮ್ಮೆಪಡುವ ಹಾಗಿಲ್ಲ. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಮಾಡಿದ ತಿದ್ದುಪಡಿಯು ಪದೇ ಪದೇ ಬರುವ ಅಪಸ್ಮಾರವನ್ನು ವಿವಾಹಕ್ಕೆ ಅಡ್ಡಿಯೆಂದು, ಉನ್ಮಾದದ ಸಾಲಿನಲ್ಲಿ, ನಮೂದಿಸಿತು. ಆ ಮಾತನ್ನು ಕಾಯಿದೆಯಿಂದ ತೆಗೆದುಹಾಕಿದುದು 1999ರಲ್ಲಿ. ಕಾಯಿದೆಯ ಪುಸ್ತಕದಿಂದ ಹೋದುದು ಜನರ ಮನಸ್ಸಿನಿಂದ ಹೋಗಿದೆಯೆ? ಹೆಣ್ಣು ನೋಡಲು ಹೋಗುವವರು ಇಂದಿಗೂ ನೆರೆಮನೆಯಲ್ಲಿ ಮೆಲ್ಲನೆ ಏನನ್ನು ವಿಚಾರಿಸುವರೆಂಬುದನ್ನು ವಾಚಕರು ಬಲ್ಲರು.

ಕರ್ನಾಟಕಕ್ಕೂ ಈ ವಿಷಯಕ್ಕೂ ಇರುವ ಸಂಬಂಧ ವಿಶೇಷವಾದದ್ದು. ಹಂಡೆಯಲ್ಲಿ ಕಾಯಿಸಿದ ಬಿಸಿನೀರನ್ನು ತಂಬಿಗೆಯಿಂದ ಒಂದರ ಮೇಲೊಂದರಂತೆ ತಲೆಗೆ ಎರೆದುಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಹೀಗೆ ಎರೆದಾಗ ಮಾತ್ರ ಮೂರ್ಛೆ ಬರುವ ಒಂದು ಬಗೆಯ ಅಪಸ್ಮಾರವುಂಟು. ಪ್ರಪಂಚದಲ್ಲಿ ಬೇರೆಡೆ ಅಪರೂಪವಾದ ಇದು ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ದಕ್ಷಿಣ ಕರ್ನಾಟಕದಲ್ಲಿ, ಹೆಚ್ಚಾಗಿ ಕಾಣುವುದು. ಬೆಂಗಳೂರಿನ ಡಾ. ಕೆ. ಎಸ್. ಮಣಿ ಅವರು 1970ರ ದಶಕದ ಮೊದಲಿನಲ್ಲಿ ಇದನ್ನು ಕುರಿತು ವಿವರವಾಗಿ ಬರೆದರು. 1988ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಇಂತಹ 279 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಎಷ್ಟೋ ಮನೆಗಳಲ್ಲಿ ಬಚ್ಚಲಿನಲ್ಲಿ ಬಿದ್ದ ಮಗುವಿಗೆ ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವರು. ನೀರನ್ನು ಉಗುರುಬೆಚ್ಚಗೆ ಮಾಡಿ, ತಲೆಗೆ ರಭಸವಾಗಿ ಎರೆಯದಿದ್ದರೆ ಅನೇಕರಲ್ಲಿ ಮೂರ್ಛೆಯೇ ಬರುವುದಿಲ್ಲ. ಉಳಿದವರಿಗೆ ಸ್ನಾನಕ್ಕೆ ಮೊದಲು ವೈದ್ಯರು ಹೇಳುವ ಮಾತ್ರೆಯುಂಟು. ಇಷ್ಟು ಸುಲಭವಾದ ಪರಿಹಾರವು ಅಂಗಳದವರೆಗೆ ಬಂದು ಬಚ್ಚಲಿಗೆ ತಲುಪದಿರುವುದು ವಿಜ್ಞಾನದ ಸೋಲಲ್ಲ, ವಿಜ್ಞಾನವನ್ನು ಜನರಿಗೆ ಹೇಳಬೇಕಾದ ನಮ್ಮಂತಹವರ ಸೋಲು.

ಬೆಂಗಳೂರು ನಗರದಲ್ಲಿಯೂ ಅದರ ಸುತ್ತಣ ಹಳ್ಳಿಗಳಲ್ಲಿಯೂ ಒಂದು ಲಕ್ಷಕ್ಕೆ ಮಿಕ್ಕ ಜನರನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಸಾವಿರ ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ಈ ರೋಗವಿದೆ. ಹಳ್ಳಿಗಳಲ್ಲಿ ಅದರ ಪ್ರಮಾಣ ಪಟ್ಟಣದ ಎರಡರಷ್ಟು. ಇದೇ ಪ್ರಮಾಣವನ್ನು ಇಡೀ ರಾಜ್ಯಕ್ಕೆ ಹಿಡಿದರೆ, 2011ರ ಜನಗಣತಿಯ 6.11 ಕೋಟಿ ಜನರಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಂದಿ ಮೂರ್ಛೆರೋಗಿಗಳಾಗುವರು. ಇವರೆಲ್ಲ ಎಲ್ಲಿದ್ದಾರೆ? ನಮ್ಮ ನಿಮ್ಮ ಮನೆಗಳಲ್ಲಿಯೇ, ಬಾಗಿಲ ಹಿಂದೆ ಇದ್ದಾರೆ.

ಚಿಕಿತ್ಸೆ ಇಲ್ಲವೆಂದೇನೂ ಅಲ್ಲ. ಫೀನೋಬಾರ್ಬಿಟಾಲ್ ಎಂಬ ಔಷಧಿಯ ಗುಣವು 1912ರಲ್ಲಿಯೂ ಫೆನಿಟಾಯಿನ್ ಎಂಬುದರ ಗುಣವು 1938ರಲ್ಲಿಯೂ ತಿಳಿದವು. ಇಂದು ಇನ್ನೂ ಅನೇಕ ಔಷಧಿಗಳಿವೆ. ಸರಿಯಾದ ಔಷಧಿಯನ್ನು ಕ್ರಮವಾಗಿ ಸೇವಿಸಿದರೆ ಹತ್ತು ಮಂದಿಯಲ್ಲಿ ಏಳು ಮಂದಿ ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ದೊಡ್ಡ ಆಸ್ಪತ್ರೆಗಳ ಸುತ್ತಮುತ್ತ ಮಾತ್ರ ನಡೆಯುವ ಮಾತೆಂದು ಯಾರಾದರೂ ಶಂಕಿಸಬಹುದು. ಡಾ. ಮಣಿ ಮತ್ತು ಅವರ ಸಹೋದ್ಯೋಗಿಗಳು ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಆ ಎರಡು ಹಳೆಯ, ಅಗ್ಗದ ಔಷಧಿಗಳನ್ನೇ ಕೊಟ್ಟು, ರೋಗಿಗಳನ್ನು ವರ್ಷಗಟ್ಟಲೆ ನೋಡಿಕೊಂಡು, ಹಳ್ಳಿಯಲ್ಲಿಯೂ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಆ ವರದಿ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದುದರಿಂದ ಕೊರತೆಯಿರುವುದು ಔಷಧಿಯದಲ್ಲ. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಅದು ತಪ್ಪದೆ ದೊರೆಯುವ ವ್ಯವಸ್ಥೆಯದು, ಮತ್ತು ಅದನ್ನು ನಾಚಿಕೆಯಿಲ್ಲದೆ ಹೋಗಿ ಕೇಳುವ ಧೈರ್ಯದ್ದು.

ಇಲ್ಲಿ ಹಿರಿಯರು ಒಂದು ಆಕ್ಷೇಪವನ್ನು ಎತ್ತುವರು. "ನೀವು ಬರೆಯುವುದು ಚೆನ್ನಾಗಿದೆ, ಆದರೆ ನಮ್ಮ ಮಗಳಿಗೆ ಫಿಟ್ಸ್ ಇದೆಯೆಂದು ಹೇಳಿದರೆ ಅವಳನ್ನು ಯಾರು ಮದುವೆಯಾಗುವರು?" ಎನ್ನುವರು. ಈ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೇಳಿದವರಿಗೆ ಶಿಕ್ಷೆಯೂ ಮುಚ್ಚಿಟ್ಟವರಿಗೆ ಲಾಭವೂ ದೊರೆಯುವ ಸಮಾಜದಲ್ಲಿ ತಂದೆತಾಯಿಗಳು ಮುಚ್ಚಿಡುವುದು ಸಹಜ. ಆದರೆ ಮುಚ್ಚಿಟ್ಟುದರ ಫಲವೇನೆಂಬುದನ್ನು ಯೋಚಿಸಬೇಕು. ಮದುವೆಯ ಮನೆಯಲ್ಲಿ ಯಾರಾದರೂ ಕಂಡಾರೆಂದು ಹುಡುಗಿ ಮಾತ್ರೆಯನ್ನು ಬಿಡುವಳು. ವರಪೂಜೆ, ಧಾರೆಯ ಗಲಾಟೆಯಲ್ಲಿ ಎರಡು ಮೂರು ರಾತ್ರಿ ನಿದ್ರೆಗೆಡುವಳು. ಔಷಧಿ ತಪ್ಪುವುದು, ನಿದ್ರೆಗೆಡುವುದು ಇವೆರಡೂ ಮೂರ್ಛೆಯನ್ನು ಕರೆತರುವ ಮುಖ್ಯ ಕಾರಣಗಳು. ಯಾವುದನ್ನು ಮರೆಮಾಡಬೇಕೆಂದಿದ್ದರೋ ಅದು ಹೊಸ ಮನೆಯಲ್ಲಿ ಮೊದಲ ವಾರದಲ್ಲಿಯೇ ಎಲ್ಲರ ಕಣ್ಣ ಮುಂದೆ ಬರುವುದು. ಆಮೇಲೆ "ಮೋಸ ಮಾಡಿದರು" ಎಂಬ ಮಾತಿಗೆ ಉತ್ತರವಿಲ್ಲ. ರೋಗಕ್ಕಿಂತ ಗುಟ್ಟೇ ಆ ಸಂಸಾರವನ್ನು ಮುರಿಯುವುದು. ಇನ್ನು ಮಕ್ಕಳಿಗೂ ಬಂದೀತೆಂಬ ಭಯ. ಕೆಲವು ಬಗೆಗಳಲ್ಲಿ ಅನುವಂಶೀಯತೆಯ ಪಾಲಿರುವುದು ನಿಜ. ಆದರೆ ತಂದೆತಾಯಿಗಳಲ್ಲಿ ಒಬ್ಬರಿಗೆ ಈ ರೋಗವಿದ್ದರೂ ಅವರ ಮಕ್ಕಳಲ್ಲಿ ಬಹುಪಾಲಿನವರಿಗೆ ಇದು ಬರುವುದಿಲ್ಲ. ಹುಟ್ಟುವಾಗಿನ ತೊಂದರೆ, ತಲೆಯ ಪೆಟ್ಟು, ಮಿದುಳಿನ ಸೋಂಕು, ಕೊಳಕು ನೀರು ಮತ್ತು ತೊಳೆಯದ ಸೊಪ್ಪುತರಕಾರಿಗಳ ಮೂಲಕ ಹೊಟ್ಟೆಗೆ ಸೇರುವ ಲಾಡಿಹುಳುವಿನ ಮೊಟ್ಟೆ ಇವೂ ಕಾರಣಗಳೇ. ಮಾಂಸವನ್ನು ಮುಟ್ಟದವರಿಗೂ ಈ ಕೊನೆಯದು ತಪ್ಪಿದ್ದಲ್ಲ.

ನಾವು ಬೇಡುವುದು ಹೆಚ್ಚಿನದೇನಲ್ಲ. ಬಿದ್ದವನನ್ನು ಕಂಡಾಗ ಕಬ್ಬಿಣವನ್ನು ಹುಡುಕಬೇಡಿರಿ. ಹತ್ತಿರದಲ್ಲಿ ಬೆಂಕಿ, ಕಲ್ಲು, ಚೂಪಾದ ವಸ್ತುಗಳಿದ್ದರೆ ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನನ್ನಾದರೂ ಇಟ್ಟು, ಕೊರಳ ಗುಂಡಿಯನ್ನು ಸಡಿಲಿಸಿ, ಜೊಲ್ಲು ಹೊರಗೆ ಹರಿಯುವಂತೆ ಒಂದು ಮಗ್ಗುಲಿಗೆ ಹೊರಳಿಸಿರಿ. ಕೈಕಾಲುಗಳನ್ನು ಅದುಮಿ ಹಿಡಿಯಬೇಡಿರಿ. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿರಿ. ಗಡಿಯಾರವನ್ನು ನೋಡಿರಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ, ಅಥವಾ ಎಚ್ಚರವಾಗದೆಯೇ ಮತ್ತೊಮ್ಮೆ ಬಂದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಇಲ್ಲವಾದರೆ ಅವನಿಗೆ ಪೂರ್ಣ ಎಚ್ಚರವಾಗುವವರೆಗೆ ಪಕ್ಕದಲ್ಲಿ ಕುಳಿತಿದ್ದು, ಗುಂಪನ್ನು ಚದುರಿಸಿದರೆ ಸಾಕು. ಇದನ್ನು ಕಲಿಯಲು ಕಾಲು ಗಂಟೆ ಬೇಕಾಗದು. ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಮಿದುಳಿನ ಚಿತ್ರವನ್ನು ಬರೆಯಿಸಿ ಭಾಗಗಳನ್ನು ಗುರುತಿಸಲು ಹೇಳುವ ಉಪಾಧ್ಯಾಯರು ಅದೇ ತರಗತಿಯಲ್ಲಿ ಇದನ್ನೂ ಕಲಿಸಬೇಕೆಂಬುದು ನಮ್ಮ ಸೂಚನೆ. ಆ ಚಿತ್ರದಲ್ಲಿ ಮಕ್ಕಳು ಬರೆಯುವ ಹೆಸರುಗಳಲ್ಲಿ ಎಷ್ಟೋ ಈ ರೋಗಿಗಳು ನಮಗೆ ಕಲಿಸಿಕೊಟ್ಟವೆಂಬುದನ್ನು ಒಂದು ಮಾತಿನಲ್ಲಿ ತಿಳಿಸಿದರೆ ಇನ್ನೂ ಒಳ್ಳೆಯದು.

ಉಪ್ಪಿಕ್ಕಿದವರನ್ನು ಮುಪ್ಪಿನ ತನಕ ನೆನೆಯಬೇಕೆಂಬುದು ನಮ್ಮ ಗಾದೆ. "ತಾನ್" ಎಂಬ ಒಂದೇ ಶಬ್ದದ ಲೆಬೋರ್ನನಿಗೆ, ಎಚ್ಚರದಲ್ಲಿ ತಲೆಯನ್ನು ತೆರೆಸಿಕೊಂಡು ಉತ್ತರ ಹೇಳಿದ ಮಾಂಟ್ರಿಯಲ್ಲಿನ ರೋಗಿಗಳಿಗೆ, ನೆನಪನ್ನು ಕಳೆದುಕೊಂಡು ನೆನಪಿನ ನೆಲೆಯನ್ನು ತೋರಿಸಿದ ಮೊಲೈಸನ್ನನಿಗೆ ನಾವು ನೇರವಾಗಿ ಏನನ್ನೂ ಹಿಂದಿರುಗಿಸಲಾರೆವು. ಅವರ ರೋಗವನ್ನೇ ಹೊತ್ತು ನಮ್ಮ ನಡುವೆ ಬಾಳುತ್ತಿರುವ ಲಕ್ಷಾಂತರ ಮಂದಿಗಾದರೋ ಹಿಂದಿರುಗಿಸಬಹುದು. ಬಸ್ಸಿನ ನಿಲ್ದಾಣದಲ್ಲಿ ಮುಂದಿನ ಸಲ ಒಬ್ಬನು ಬಿದ್ದು ಕಣ್ಣು ತೆರೆದಾಗ ಅವನ ಮುಷ್ಟಿಯಲ್ಲಿ ಬೀಗದಕೈ ಇರದೆ, ಪಕ್ಕದಲ್ಲಿ ಒಬ್ಬ ಮನುಷ್ಯನು ಕುಳಿತಿದ್ದು, "ಏನೂ ಆಗಿಲ್ಲ, ನಿಧಾನವಾಗಿ ಏಳಿ" ಎಂದು ಹೇಳುವಂತಾದರೆ, ಋಣದ ಮೊದಲ ಕಂತು ಸಂದಿತೆಂದು ನಾವು ತಿಳಿಯುವೆವು.